ಅಂಗೈಯ ವಿನ್ಯಾಸ ಸಾಧನವೋ, ಕಂಪ್ಯೂಟರಿನ ತಂತ್ರಾಂಶವೋ: ಕಾಗದ ಕತ್ತರಿಸುವವರ ಅನುಭವಗಳು

ಪ್ರಶ್ನೆ, ಮೈಸೂರಿನಿಂದ

ಎಲ್ಲರಿಗೂ ನಮಸ್ಕಾರ. ಬ್ಯಾಂಕಿನ ಕೆಲಸದಿಂದ ಸ್ವಯಂನಿವೃತ್ತಿ ಪಡೆದ ಮೇಲೆ ನಾನು ಕಾಗದದ ಕೈಕೆಲಸ ಹಿಡಿದಿದ್ದೇನೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಿಗೆ ತೋರಣ ಮತ್ತು ಮೆಟ್ಟಿಲಿನ ಅಂಚುಪಟ್ಟಿಗಳನ್ನು, ಉಪನಯನ, ನಾಮಕರಣಗಳಿಗೆ ಇಪ್ಪತ್ತು ಮೂವತ್ತರ ಲೆಕ್ಕದಲ್ಲಿ ಆಮಂತ್ರಣ ಪತ್ರಿಕೆಗಳನ್ನು ಕತ್ತರಿ ಮತ್ತು ಕಟರ್‌ನಿಂದಲೇ ಮಾಡಿಕೊಡುತ್ತಿದ್ದೆ. ಈಗ ಬೆರಳಿನ ಗೆಣ್ಣು ನೋಯುತ್ತಿದೆ. ನ್ಯೂಜೆರ್ಸಿಯಲ್ಲಿರುವ ತಂಗಿ ಊರಿಗೆ ಮರಳುತ್ತಿದ್ದು, ಕಾಗದ ಕತ್ತರಿಸುವ ತನ್ನ ಹಳೆಯ ಕ್ರಿಕಟ್ ಎಕ್ಸ್‌ಪ್ರೆಶನ್ ಯಂತ್ರವನ್ನೂ ಅದರೊಂದಿಗೆ ಬಳಸುವ ಜಿಪ್ಸಿ ಎಂಬ ಅಂಗೈಯಗಲದ ವಿನ್ಯಾಸ ಸಾಧನವನ್ನೂ ಕತ್ತರಿಸುವ ಆಕಾರಗಳನ್ನು ತುಂಬಿಟ್ಟ ಕಾರ್ಟ್ರಿಡ್ಜ್‌ಗಳ ಒಂದು ಡಬ್ಬಿಯನ್ನೂ ನನಗೇ ಕೊಡುವುದಾಗಿ ಹೇಳಿದ್ದಾಳೆ. ಅದೆಲ್ಲ ಬೇಡ, ಲ್ಯಾಪ್‌ಟಾಪ್‌ನಿಂದ ನಡೆಯುವ ಹೊಸ ಯಂತ್ರ ಕೊಳ್ಳೋಣ ಎನ್ನುವುದು ಮಗನ ವಾದ. ಮೊಬೈಲ್ ನನಗೆ ಸಲೀಸು, ಲ್ಯಾಪ್‌ಟಾಪ್ ಅಷ್ಟಾಗಿ ಒಗ್ಗಿಲ್ಲ. ಎರಡನ್ನೂ ಬಳಸಿದವರು ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ, ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಿಂದ

ನಿಮ್ಮ ಪ್ರಶ್ನೆಯಲ್ಲಿ ಜಿಪ್ಸಿಯ ಹೆಸರು ಕಂಡು ಹಳೆಯ ಸಂಗಾತಿಯೊಬ್ಬಳನ್ನು ಕಂಡಂತಾಯಿತು. ಅದು ಮಾರುಕಟ್ಟೆಗೆ ಬಂದ ಹೊಸದರಲ್ಲಿಯೇ ಕೊಂಡವಳು ನಾನು. ಆರು ವರ್ಷ ಬಳಸಿ, ಆಮೇಲೆ ಕಂಪ್ಯೂಟರಿಗೆ ಬಂದೆ.

ಮೊದಲು ಅದರ ಒಳ್ಳೆಯತನ ಹೇಳುತ್ತೇನೆ. ಎಕ್ಸ್‌ಪ್ರೆಶನ್ ಯಂತ್ರವೊಂದನ್ನೇ ಇಟ್ಟುಕೊಂಡರೆ, ಕಾರ್ಟ್ರಿಡ್ಜ್ ಸಿಕ್ಕಿಸಿ, ಅದರ ಜೊತೆಗೆ ಬರುವ ರಬ್ಬರಿನ ಹಾಸನ್ನು ಕೀಲಿಮಣೆಯ ಮೇಲೆ ಹೊದಿಸಿ, ಒಂದೊಂದೇ ಆಕಾರವನ್ನು ಒತ್ತುತ್ತ ಹೋಗಬೇಕು; ಕಾಗದದ ಯಾವ ಮೂಲೆಯಲ್ಲಿ ಏನು ಬಂದು ಕೂರುತ್ತದೆ ಎಂಬುದು ಬ್ಲೇಡು ಓಡಿದ ಮೇಲೆಯೇ ಸರಿಯಾಗಿ ತಿಳಿಯುವುದು. ಜಿಪ್ಸಿಯಲ್ಲಿಯಾದರೋ ಕಾಗದ ಅಂಟಿಸುವ ಹನ್ನೆರಡು ಅಂಗುಲದ ಚೌಕ ಹಾಸು ಪರದೆಯ ಮೇಲೆಯೇ ಮೂಡುತ್ತದೆ. ಕಡ್ಡಿಯಿಂದ ಎಳೆದು ಆಕಾರವನ್ನು ತಿರುಗಿಸಬಹುದು, ಓರೆ ಮಾಡಬಹುದು, ಎರಡು ಆಕಾರಗಳನ್ನು ಒಂದರ ಮೇಲೊಂದು ಏರಿಸಿ ಬೆಸೆದು ಒಂದೇ ಹೊರಗೆರೆಯಾಗಿ ಕತ್ತರಿಸಬಹುದು, ಒಳಗಿನ ಬೇಡದ ತೂತನ್ನು ಮುಚ್ಚಿಬಿಡಬಹುದು. ಮಗಳ ಈಜು ತರಗತಿ ಮುಗಿಯುವವರೆಗೆ ಬೆಂಚಿನ ಮೇಲೆ ಕುಳಿತು ನಾನು ಎಷ್ಟೋ ಹುಟ್ಟುಹಬ್ಬದ ಕಾರ್ಡುಗಳನ್ನು ಜೋಡಿಸಿಟ್ಟು, ರಾತ್ರಿ ಮನೆಗೆ ಬಂದು ಯುಎಸ್‌ಬಿ ತಂತಿ ಸಿಕ್ಕಿಸಿ ಕತ್ತರಿಸಿದ್ದುಂಟು. ಅದರಲ್ಲಿ ಇ-ಮೇಲ್ ಇಲ್ಲ, ಸುದ್ದಿ ಇಲ್ಲ, ಮಾಡಲಿಕ್ಕೆ ಬೇರೆ ಕೆಲಸವೇ ಇಲ್ಲ. ಕಂಪ್ಯೂಟರಿನ ಮುಂದೆ ಕುಳಿತಾಗ ಆ ಏಕಾಗ್ರತೆ ನನಗೆ ಇಂದಿಗೂ ಸಿಕ್ಕಿಲ್ಲ.

ಆದರೆ ಜಿಪ್ಸಿ ಹೊಸ ಆಕಾರವೊಂದನ್ನು ಹುಟ್ಟಿಸಲಾರದು. ಕಾರ್ಟ್ರಿಡ್ಜಿನಲ್ಲಿ ಇರುವುದನ್ನು ಹಿಗ್ಗಿಸಿ, ಕುಗ್ಗಿಸಿ, ಬೆಸೆದು ಕೊಡಬಲ್ಲದೇ ಹೊರತು ನೀವು ಬರೆದ ಮಾವಿನೆಲೆಯನ್ನಾಗಲಿ ನಿಮ್ಮ ಅಜ್ಜಿಯ ರಂಗೋಲಿಯನ್ನಾಗಲಿ ಒಳಗೆ ತೆಗೆದುಕೊಳ್ಳುವುದಿಲ್ಲ. ನನ್ನ ಡಬ್ಬಿಯಲ್ಲಿ ಕ್ರಿಸ್‌ಮಸ್ ಮರ, ಕುಂಬಳಕಾಯಿ, ಹಿಮದ ಹರಳು, ಹತ್ತಾರು ಬಗೆಯ ಇಂಗ್ಲಿಷ್ ಅಕ್ಷರಗಳು ಇದ್ದವು. ಕಳಸಕ್ಕೆ ಹತ್ತಿರವಾದದ್ದೆಂದರೆ ಒಂದು ಹೂದಾನಿ. ಅದನ್ನೇ ತಲೆಕೆಳಗು ಮಾಡಿ, ಮೇಲೊಂದು ಬಲೂನು ಬೆಸೆದು ತೆಂಗಿನಕಾಯಿ ಎನಿಸಿದ್ದು ಈಗ ನಗೆ ತರಿಸುತ್ತದೆ.

ಇನ್ನೊಂದು ವಿಷಯವನ್ನು ನಿಮ್ಮ ಮಗನಿಗೂ ಹೇಳಿ. ಎಕ್ಸ್‌ಪ್ರೆಶನ್ ಯಂತ್ರದ ಮಟ್ಟಿಗೆ ಕಂಪ್ಯೂಟರಿನ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗಿದೆ. ಒಂದು ಕಾಲಕ್ಕೆ ಶೂರ್ ಕಟ್ಸ್ ಎ ಲಾಟ್, ಮೇಕ್ ದ ಕಟ್ ಎಂಬ ಬೇರೆಯವರ ತಂತ್ರಾಂಶಗಳು ಈ ಯಂತ್ರಗಳಿಗೆ ಯಾವ ಚಿತ್ರವನ್ನಾದರೂ ಕಳುಹಿಸುತ್ತಿದ್ದವು. ಕ್ರಿಕಟ್‌ನ ಒಡೆತನ ಹೊಂದಿದ್ದ ಪ್ರೊವೊ ಕ್ರಾಫ್ಟ್ ಸಂಸ್ಥೆ ನ್ಯಾಯಾಲಯಕ್ಕೆ ಹೋದ ಮೇಲೆ ಅವೆರಡೂ ಆ ಸೌಲಭ್ಯವನ್ನು ಕೈಬಿಟ್ಟವು. ಸಂಸ್ಥೆಯದೇ ಆದ ಕ್ರಾಫ್ಟ್ ರೂಮ್ ತಂತ್ರಾಂಶ 2018ರ ಜುಲೈಯಲ್ಲಿ ನಿಂತಿತು, ಅದರ ಈಗಿನ ತಂತ್ರಾಂಶ ಡಿಸೈನ್ ಸ್ಪೇಸ್ ಎಕ್ಸ್‌ಪ್ರೆಶನ್ನಿನಂಥ ಹಳೆಯ ಯಂತ್ರಗಳೊಂದಿಗೆ ಕೆಲಸ ಮಾಡುವುದಿಲ್ಲ. ಹಾಗಾಗಿ ತಂಗಿಯ ಯಂತ್ರವನ್ನು ತಂದರೆ ಜಿಪ್ಸಿಯೇ ಅದರ ಮೆದುಳು. ಕಂಪ್ಯೂಟರ್ ಬೇಕೆಂದರೆ ಯಂತ್ರವೂ ಬೇರೆಯದೇ ಆಗಬೇಕು. ನಿಮ್ಮ ಮುಂದಿರುವುದು ಎರಡು ಸಾಧನಗಳ ಆಯ್ಕೆಯಲ್ಲ, ಎರಡು ಪೂರ್ತಿ ಸಂಸಾರಗಳ ಆಯ್ಕೆ.

ನನ್ನನ್ನೇ ಕೇಳಿದರೆ, ನೀವು ಕತ್ತರಿಸುವ ಆಕಾರಗಳು ಎಲ್ಲಿಂದ ಬರುತ್ತವೆ ಎಂಬುದನ್ನು ಮೊದಲು ನೋಡಿಕೊಳ್ಳಿ. ಯಾರೋ ಬರೆದಿಟ್ಟದ್ದು ಸಾಕು ಎನ್ನುವವರಿಗೆ ಅಂಗೈಯ ಸಾಧನದಷ್ಟು ಹಿತವಾದದ್ದು ಇನ್ನೊಂದಿಲ್ಲ. ನಿಮ್ಮದೇ ಬೇಕು ಎಂದರೆ ಲ್ಯಾಪ್‌ಟಾಪಿನ ಕಷ್ಟವನ್ನು ಒಂದು ತಿಂಗಳು ಸಹಿಸಿಕೊಳ್ಳಿ. ಗೊಂಬೆಹಬ್ಬದ ತೋರಣ ಎಂದಿರಿ, ಉಪನಯನದ ಪತ್ರಿಕೆ ಎಂದಿರಿ. ಆ ಕಾರ್ಟ್ರಿಡ್ಜ್‌ಗಳಲ್ಲಿ ಕನ್ನಡದ ಒಂದು ಅಕ್ಷರವೂ ಸಿಗುವುದಿಲ್ಲ.

ಉತ್ತರ, ಧಾರವಾಡದಿಂದ

ಮೇಲಿನ ಅಕ್ಕನವರ ಮಾತಿಗೆ ನನ್ನ ಸಹಮತವಿದೆ. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ತಾನಾಗಿ ಕತ್ತರಿಸಿ ಬರುತ್ತದೆ ಎಂದು ಮೈಸೂರಿನವರು ಭಾವಿಸಬಾರದೆಂದು ಇಷ್ಟನ್ನು ಬರೆಯುತ್ತಿದ್ದೇನೆ. ನನ್ನಲ್ಲಿರುವುದು ಸಿಲ್ಯೂಯೆಟ್ ಕಂಪನಿಯ ಹನ್ನೆರಡು ಅಂಗುಲದ ಕ್ಯಾಮಿಯೋ ಯಂತ್ರ.

ನಾನು ಮಾಡಿದ ಮೊದಲ ದೊಡ್ಡ ಕೆಲಸ ಸೋದರಮಾವನ ಅರವತ್ತರ ಶಾಂತಿಗೆ ‘ಷಷ್ಟಿಪೂರ್ತಿ’ ಎಂಬ ಫಲಕ. ಬಂಗಾರದ ಬಣ್ಣದ ಕಾಗದವನ್ನು ಹಾಸಿನಿಂದ ಎತ್ತಿದರೆ ‘ಟ’ದ ಒತ್ತು ಒಂದೆಡೆ, ಅರ್ಕಾವೊತ್ತು ಇನ್ನೊಂದೆಡೆ, ಕೈಯಲ್ಲಿ ಬಿಡಿ ಬಿಡಿ ಅಕ್ಷರಗಳು. ಇಂಗ್ಲಿಷಿನಲ್ಲಿ ಅಕ್ಷರಗಳನ್ನು ಒಂದಕ್ಕೊಂದು ತಾಗಿಸಿ ಬೆಸೆದರೆ ಪದ ಒಂದೇ ತುಂಡಾಗಿ ನಿಲ್ಲುತ್ತದೆ. ನಮ್ಮ ಲಿಪಿಯಲ್ಲಿ ಒತ್ತು ಕೆಳಗೆ ಪ್ರತ್ಯೇಕವಾಗಿ ನೇತಾಡುತ್ತದೆ, ಸೊನ್ನೆ ದೂರ ನಿಲ್ಲುತ್ತದೆ, ದೀರ್ಘ ಇನ್ನಷ್ಟು ದೂರ ಸರಿಯುತ್ತದೆ. ಪದದ ಆಕಾರವನ್ನೇ ತೂತಾಗಿ ಕೊರೆದು ಹಿಂದೆ ಬಣ್ಣದ ಕಾಗದ ಇಡುವ ಕೆಲಸವಾದರೆ ತೊಂದರೆ ತಿರುವುಮುರುವಾಗುತ್ತದೆ: ‘ಪೀಠ’ದ ‘ಠ’ದೊಳಗೆ ಚುಕ್ಕಿಯ ಸುತ್ತಲಿನ ಕಾಗದ ಮತ್ತು ಸೊನ್ನೆಯ ನಡುವಿನ ಬಿಲ್ಲೆ ಉದುರಿಹೋಗುತ್ತವೆ.

ನಾನು ಈಗ ಅನುಸರಿಸುವ ಕ್ರಮ ಹೀಗಿದೆ. ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶದಲ್ಲಿ ಯೂನಿಕೋಡ್ ಕನ್ನಡ ಬರೆಯುತ್ತೇನೆ. ಅದರಲ್ಲಿ ಒತ್ತಕ್ಷರಗಳು ಒಡೆಯದೆ ಸರಿಯಾಗಿ ಕೂರುತ್ತವೆ, ಎಲ್ಲ ವಿನ್ಯಾಸ ತಂತ್ರಾಂಶಗಳ ಬಗ್ಗೆ ಈ ಮಾತನ್ನು ಹೇಳಲಾಗದು. ಫಾಂಟ್ ದಪ್ಪಗಿರಬೇಕು, ಬಲೂ ತಮ್ಮ ಎಂಬುದು ಉಚಿತವಾಗಿ ಸಿಗುತ್ತದೆ, ಗುಂಡಗಿದೆ, ತೆಳ್ಳಗಿನ ಕೊಂಡಿ ಕಡಿಮೆ. ಬರೆದ ಪದವನ್ನು ಗೆರೆಗಳಾಗಿ ಬದಲಿಸಿ, ಗುಂಪು ಬಿಡಿಸಿ, ಒತ್ತನ್ನು ಒಂದೆರಡು ಮಿಲಿಮೀಟರ್ ಮೇಲಕ್ಕೆ ಜರುಗಿಸಿ ಅಕ್ಷರದ ಹೊಟ್ಟೆಗೆ ತಾಗಿಸುತ್ತೇನೆ, ಆಮೇಲೆ ಎಲ್ಲವನ್ನೂ ಬೆಸೆಯುತ್ತೇನೆ. ತಾಗಿಸಿದರೆ ಅಂದ ಕೆಡುತ್ತದೆ ಎನಿಸಿದಾಗ ಪದದ ಸುತ್ತ ಮೂರು ಮಿಲಿಮೀಟರ್ ಹಿಗ್ಗಿಸಿದ ಇನ್ನೊಂದು ಹೊರಗೆರೆ ಮಾಡಿ, ಅದನ್ನು ಬೇರೆ ಬಣ್ಣದಲ್ಲಿ ಕತ್ತರಿಸಿ, ಬಿಡಿ ತುಂಡುಗಳನ್ನು ಅದರ ಮೇಲೆ ಅಂಟಿಸುತ್ತೇನೆ. ನಿಜ ಹೇಳಬೇಕೆಂದರೆ ಈ ಎರಡನೆಯ ವಿಧಾನವೇ ನೋಡಲು ಶ್ರೀಮಂತವಾಗಿರುತ್ತದೆ.

ನನ್ನ ಯಂತ್ರವನ್ನು ನಡೆಸುವ ತಂತ್ರಾಂಶವಾದ ಸಿಲ್ಯೂಯೆಟ್ ಸ್ಟುಡಿಯೋದ ಉಚಿತ ಆವೃತ್ತಿ ಎಸ್‌ವಿಜಿ ಎಂಬ ಗೆರೆಚಿತ್ರದ ಕಡತವನ್ನು ತೆರೆಯುವುದಿಲ್ಲ. ಅದಕ್ಕೆ ಹಣ ಕೊಟ್ಟು ಮೇಲಿನ ಆವೃತ್ತಿ ಕೊಳ್ಳಬೇಕು. ಆದರೆ ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಯ ಕಡತವನ್ನು ತೆರೆಯುತ್ತದೆ, ಇಂಕ್‌ಸ್ಕೇಪಿನಿಂದ ಆ ರೂಪದಲ್ಲಿಯೇ ಉಳಿಸಿಕೊಳ್ಳಬಹುದು. ಅಳತೆ ಮಾತ್ರ ಪ್ರತಿ ಸಲವೂ ನೋಡಿಕೊಳ್ಳಿ, ಏಕೆಂದರೆ ಮಿಲಿಮೀಟರ್ ಮತ್ತು ಅಂಗುಲದ ಗೊಂದಲದಿಂದ ಆರು ಅಂಗುಲದ ಫಲಕ ಉಗುರಿನಷ್ಟಕ್ಕೆ ಇಳಿದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ಯಂತ್ರಕ್ಕೆ ಇಂಟರ್ನೆಟ್ ಇಲ್ಲದಿದ್ದರೂ ನಡೆಯುತ್ತದೆ ಎಂಬುದು ಮಳೆಗಾಲದಲ್ಲಿ ದೊಡ್ಡ ಅನುಕೂಲ.

ಕಂಪನಿಯ ಇಂಟರ್ನೆಟ್ ಖಾತೆಯನ್ನೇ ನಂಬಿ ನಡೆಯುವ ತಂತ್ರಾಂಶಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಣ ಕಟ್ಟದ ಬಳಕೆದಾರರು ತಿಂಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಸ್ವಂತ ಚಿತ್ರಗಳನ್ನು ಡಿಸೈನ್ ಸ್ಪೇಸಿಗೆ ಏರಿಸಬಾರದೆಂದು 2021ರ ಮಾರ್ಚ್‌ನಲ್ಲಿ ಕ್ರಿಕಟ್ ಪ್ರಕಟಿಸಿತ್ತು. ಬಳಕೆದಾರರು ದೊಡ್ಡ ಗದ್ದಲ ಎಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಯಂತ್ರ ನಮ್ಮ ಮನೆಯ ಮೇಜಿನ ಮೇಲಿದ್ದರೂ ಅದರ ಕೀಲಿಕೈ ಇನ್ನೊಬ್ಬರ ಸೊಂಟದಲ್ಲಿರಬಹುದು. ಆದ್ದರಿಂದ ನಾನು ಮೂಲ ವಿನ್ಯಾಸಗಳನ್ನೆಲ್ಲ ಎಸ್‌ವಿಜಿಯಾಗಿಯೇ ಇಟ್ಟುಕೊಳ್ಳುತ್ತೇನೆ; ನಾಳೆ ಯಂತ್ರ ಬದಲಾದರೂ ಅಕ್ಷರಗಳು ನನ್ನವೇ.

ಉತ್ತರ, ಬೆಂಗಳೂರಿನ ಬಸವನಗುಡಿಯಿಂದ

ಮೂರನೆಯ ದಾರಿಯನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನಗೂ ಲ್ಯಾಪ್‌ಟಾಪ್ ಅಂದರೆ ಅಷ್ಟಕ್ಕಷ್ಟೇ. ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಬಳಸುತ್ತೇನೆ. ಅದರ ಮೈಯಲ್ಲಿಯೇ ಸ್ಕ್ಯಾನರ್ ಮತ್ತು ಮುಟ್ಟುವ ಪರದೆ ಇರುವುದರಿಂದ ಕಂಪ್ಯೂಟರ್ ಇಲ್ಲದೆಯೇ ಬಹುಪಾಲು ಕೆಲಸ ಮುಗಿಯುತ್ತದೆ. ಬಿಳಿಯ ಹಾಳೆಯ ಮೇಲೆ ಕಪ್ಪು ಮಾರ್ಕರಿನಿಂದ ಬಾಳೆಗಿಡವನ್ನೋ ‘ಶುಭಮಸ್ತು’ ಎಂದೋ ಬರೆದು ಯಂತ್ರದ ಹಾಸಿನ ಮೇಲೆ ಅಂಟಿಸಿ ಒಳಗೆ ಬಿಟ್ಟರೆ, ಯಂತ್ರ ಅದನ್ನು ನೋಡಿಕೊಂಡು ಕತ್ತರಿಸುವ ಗೆರೆಯಾಗಿ ಮಾಡಿಕೊಳ್ಳುತ್ತದೆ.

ಇಲ್ಲಿ ಬರೆಯುವ ಕೈಗೇ ಶಿಸ್ತು ಬೇಕು. ಗೆರೆ ದಪ್ಪವಾಗಿರಬೇಕು, ಎಲ್ಲಿಯೂ ಬಿಟ್ಟುಹೋಗಬಾರದು, ಹಾಳೆಯ ಮೇಲೆ ಪೆನ್ಸಿಲಿನ ಗುರುತು ಉಳಿಯಬಾರದು. ಚುಕ್ಕಿ ರಂಗೋಲಿಯನ್ನು ಹಾಗೆಯೇ ಸ್ಕ್ಯಾನ್ ಮಾಡಿ ನಾನು ಪಟ್ಟ ಪಾಡು ಹೇಳತೀರದು: ಪ್ರತಿ ಚುಕ್ಕಿಯನ್ನೂ ಅದು ಒಂದು ತೂತೆಂದು ತಿಳಿಯಿತು. ಈಗ ಚುಕ್ಕಿ ಬಿಟ್ಟು ಎಳೆಯನ್ನಷ್ಟೇ ಬರೆಯುತ್ತೇನೆ. ಒತ್ತಕ್ಷರವನ್ನು ಬರೆಯುವಾಗಲೇ ಅಕ್ಷರಕ್ಕೆ ತಾಗಿಸಿಬಿಡುವುದರಿಂದ ಧಾರವಾಡದವರು ಹೇಳಿದ ಬೆಸುಗೆಯ ಕೆಲಸವೂ ಉಳಿಯುತ್ತದೆ. ಕಟರ್ ಹಿಡಿದು ಅನುಭವವಿರುವ ನಿಮಗೆ ಈ ಯಂತ್ರದ ತರ್ಕ ಬೇಗ ಅರ್ಥವಾಗುತ್ತದೆ ಎಂದು ನನ್ನ ಅಂದಾಜು. ಬೆಲೆ ಮಾತ್ರ ಕಡಿಮೆಯದಲ್ಲ.

ಯಾವ ಯಂತ್ರವಾದರೂ ಕಾಗದ ಕಲಿಸುವ ಪಾಠ ಒಂದೇ. 120 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದದ ತೂಕ ಇಷ್ಟು ಗ್ರಾಂ ಎಂಬ ಲೆಕ್ಕ) ಹಾಳೆಗೆ ಹೊಂದಿಸಿದ ಬ್ಲೇಡಿನಿಂದ 250 ಜಿಎಸ್‌ಎಂ ಕಾರ್ಡನ್ನು ಕತ್ತರಿಸಹೊರಟರೆ ಅರ್ಧ ಕೊಯ್ದು ಬಿಡುತ್ತದೆ. ಕೈಕಾಗದದಲ್ಲಿ ನಾರು ಎದ್ದು ಅಂಚು ಹರಿಯುತ್ತದೆ. ಮೂಲೆಯಲ್ಲಿ ಒಂದು ಸಣ್ಣ ಚೌಕ ಕತ್ತರಿಸಿ ನೋಡದೆ ದೊಡ್ಡ ಕೆಲಸಕ್ಕೆ ಕೈಹಾಕಬೇಡಿ.

ಉತ್ತರ, ಬೆಂಗಳೂರಿನಿಂದಲೇ

ನಾನು ಲಗ್ನಪತ್ರಿಕೆಯ ವ್ಯಾಪಾರದಲ್ಲಿರುವವನು. ಇಪ್ಪತ್ತು ಮೂವತ್ತಕ್ಕೆ ಈ ಯಂತ್ರಗಳು ಸರಿ. ಇನ್ನೂರು ಮುನ್ನೂರರ ಆರ್ಡರು ಬಂದಾಗ ಆಸೆಪಟ್ಟು ಒಪ್ಪಿಕೊಳ್ಳಬೇಡಿ. ಒಂದು ಜಾಲರಿ ಪತ್ರಿಕೆಗೆ ಹತ್ತು ನಿಮಿಷವೆಂದರೂ ಮುನ್ನೂರಕ್ಕೆ ಐವತ್ತು ಗಂಟೆ. ವಿನ್ಯಾಸವನ್ನು ನೀವೇ ಮಾಡಿ, ಸುಲ್ತಾನ್‌ಪೇಟೆಯ ಕಡೆ ಡೈ, ಅಂದರೆ ಕತ್ತರಿಸುವ ಅಚ್ಚು, ಮಾಡಿಸಿ ಪ್ರೆಸ್ಸಿನಲ್ಲಿ ಹೊಡೆಸಿ. ಡೈ ಮಾಡುವವರು ಕೇಳುವುದು ಕಂಪ್ಯೂಟರಿನ ಕಡತವನ್ನೇ. ಜಿಪ್ಸಿಯೊಳಗೆ ಕುಳಿತ ವಿನ್ಯಾಸವನ್ನು ಅವರಿಗೆ ಕೊಡಲು ಬರುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಒತ್ತಕ್ಷರ ಉದುರುವ ವಿಷಯ ನನ್ನ ಕಲ್ಪನೆಯಲ್ಲಿಯೇ ಇರಲಿಲ್ಲ. ಮಗನ ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್ ಹಾಕಿಸಿಕೊಂಡು ನಿನ್ನೆ ಸಂಜೆ ಎರಡು ಗಂಟೆ ಹೆಣಗಿ ‘ಶ್ರೀ’ ಎಂಬುದನ್ನು ಒಂದೇ ತುಂಡಾಗಿ ಮಾಡಿದ್ದೇನೆ. ಯಂತ್ರವಿಲ್ಲದ ಕಾರಣ ಮುದ್ರಿಸಿ ಕಟರಿನಿಂದಲೇ ಕತ್ತರಿಸಿ ನೋಡಿದೆ, ಉದುರಲಿಲ್ಲ. ಹೊಸ ಯಂತ್ರದ ಕಡೆಗೇ ಮನಸ್ಸು ವಾಲಿದೆ. ಆದರೆ ತಂಗಿ ಪ್ರೀತಿಯಿಂದ ಕೊಡುತ್ತಿರುವುದನ್ನು ಬೇಡವೆನ್ನುವುದು ಹೇಗೆ? ತೋರಣದ ಹೂವು, ಎಲೆ, ಬಳ್ಳಿಗಾದರೂ ಅದು ಆದೀತೇ?

ಉತ್ತರ, ಸ್ಯಾನ್ ಹೊಸೆಯಿಂದ

ಖಂಡಿತ ಆದೀತು, ಹೂವು ಬಳ್ಳಿಗಳ ಕಾರ್ಟ್ರಿಡ್ಜುಗಳು ಆ ಡಬ್ಬಿಯಲ್ಲಿ ಇದ್ದೇ ಇರುತ್ತವೆ, ಅಂಚುಪಟ್ಟಿಗೆ ಹೇಳಿ ಮಾಡಿಸಿದಂತಿರುತ್ತವೆ. ತರಿಸಿಕೊಳ್ಳುವ ಮೊದಲು ತಂಗಿಯವರ ಬಳಿ ಮೂರು ವಿಷಯ ಕೇಳಿ. ಕಾರ್ಟ್ರಿಡ್ಜುಗಳನ್ನು ಅವರು ತಮ್ಮ ಜಿಪ್ಸಿಗೆ ಜೋಡಿಸಿಟ್ಟಿದ್ದಾರೆಯೇ, ಅಂದರೆ ಅದರಲ್ಲಿ ನೋಂದಾಯಿಸಿದ್ದಾರೆಯೇ? ಒಮ್ಮೆ ಒಂದು ಜಿಪ್ಸಿಗೆ ಜೋಡಿಸಿದ್ದನ್ನು ಇನ್ನೊಂದಕ್ಕೆ ಜೋಡಿಸಲು ಬಾರದು, ಆದ್ದರಿಂದ ಅದೇ ಜಿಪ್ಸಿ ಜೊತೆಗೇ ಬರಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಬ್ಯಾಟರಿ ಇನ್ನೂ ಚಾರ್ಜ್ ಹಿಡಿಯುತ್ತದೆಯೇ? ಉಬ್ಬಿದ್ದರೆ ವಿಮಾನದಲ್ಲಿ ತರುವುದಂತೂ ಬೇಡವೇ ಬೇಡ. ಕೊನೆಯದಾಗಿ, ಎರಡೂ ಅಡಾಪ್ಟರ್‌ಗಳ ಮೇಲೆ ಬರೆದಿರುವ ವೋಲ್ಟೇಜನ್ನು ಫೋಟೋ ತೆಗೆದು ಕಳುಹಿಸಲು ಹೇಳಿ. 100ರಿಂದ 240 ಎಂದಿದ್ದರೆ ಪ್ಲಗ್ಗಿನ ಪಿನ್ನು ಬದಲಿಸಿದರೆ ಸಾಕು. 120 ಎಂದಷ್ಟೇ ಇದ್ದರೆ ನಮ್ಮ 230 ವೋಲ್ಟಿನ ಗೋಡೆಗೆ ನೇರವಾಗಿ ಸಿಕ್ಕಿಸಬೇಡಿ.