ಗಮನದ ಕೊರತೆಯೋ, ಓದಿನ ತೊಡಕೋ?

ಪ್ರಶ್ನೆ:
ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಪುಸ್ತಕ ತೆರೆದ ಐದೇ ನಿಮಿಷಕ್ಕೆ ನೀರು ಬೇಕೆಂದು ಏಳುತ್ತಾನೆ. ಉಕ್ತಲೇಖನದಲ್ಲಿ ‘ಕತ್ತರಿ’ ಎಂದರೆ ‘ಕತರಿ’ ಎಂದು ಬರೆಯುತ್ತಾನೆ. ಒತ್ತಕ್ಷರಗಳು ಹೀಗೆಯೇ ಬಿಟ್ಟುಹೋಗುತ್ತವೆ. ವೈದ್ಯರು ಎಡಿಎಚ್‌ಡಿ (ಗಮನದ ಕೊರತೆ, ಅತಿಯಾದ ಚಟುವಟಿಕೆ) ಎಂದಿದ್ದಾರೆ, ತರಗತಿಯ ಶಿಕ್ಷಕಿ ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರಬಹುದು ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ 1:
ಇಬ್ಬರ ಮಾತೂ ನಿಜವಿರಬಹುದು. ಇವುಗಳಲ್ಲಿ ಒಂದು ತೊಂದರೆಯಿರುವ ಮಕ್ಕಳ ಪೈಕಿ ಸುಮಾರು ಶೇ 25ರಿಂದ 40ರಷ್ಟು ಮಕ್ಕಳಲ್ಲಿ ಇನ್ನೊಂದೂ ಕಂಡುಬರುತ್ತದೆ. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಮತ್ತು ಕೆಲಸದ ವೇಗ ಈ ಎರಡೂ ತೊಂದರೆಗಳಲ್ಲಿ ಕುಗ್ಗಿರಬಹುದಾದ್ದರಿಂದ ಹೊರನೋಟಕ್ಕೆ ಅವು ಒಂದೇ ರೀತಿ ಕಾಣುತ್ತವೆ. ಆದರೆ ಡಿಸ್ಲೆಕ್ಸಿಯಾದ ಬೇರು ಹೆಚ್ಚಾಗಿ ಮಾತಿನ ಧ್ವನಿಗಳನ್ನು ಬಿಡಿಸಿ ಅಕ್ಷರಕ್ಕೆ ಜೋಡಿಸುವುದರಲ್ಲಿದೆ. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮೊದಲೇ ತೋರಿರಬೇಕು. ಮನೆ, ಶಾಲೆ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ಕಾಣಬೇಕು.

ಇಂದು ರಾತ್ರಿ ಒಂದು ಪಾಠವನ್ನು ನೀವೇ ಗಟ್ಟಿಯಾಗಿ ಓದಿ, ಪ್ರಶ್ನೆ ಕೇಳಿ. ಕೇಳಿಸಿಕೊಂಡಾಗ ಸರಿಯಾಗಿ ಉತ್ತರಿಸಿ, ತಾನೇ ಓದುವಾಗ ಮಾತ್ರ ಒದ್ದಾಡಿದರೆ ಓದಿನ ತೊಡಕನ್ನು ಪರೀಕ್ಷಿಸಲೇಬೇಕು. ಕೇಳುವಾಗಲೂ ಆಟದಲ್ಲೂ ಮನಸ್ಸು ಜಾರುತ್ತಿದ್ದರೆ ಗಮನದ ಕಡೆಯೂ ನೋಡಬೇಕು. ಇದು ಸುಳಿವು ಮಾತ್ರ, ರೋಗನಿರ್ಣಯವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗದಲ್ಲಿ ಎರಡಕ್ಕೂ ತಪಾಸಣೆಯಿದೆ.

ಉತ್ತರ 2:
ನನ್ನ ಮಗಳಿಗೆ ಎರಡೂ ಇವೆ. ಎಡಿಎಚ್‌ಡಿಗೆ ಮಾತ್ರೆ ಆರಂಭಿಸಿದ ಮೇಲೆ ಅವಳು ಅರ್ಧ ಗಂಟೆ ಕೂರತೊಡಗಿದಳು, ಆದರೆ ಕೂತಲ್ಲೇ ತಪ್ಪು ಓದುತ್ತಿದ್ದಳು. ಮಾತ್ರೆ ಗಮನವನ್ನು ಹಿಡಿದು ನಿಲ್ಲಿಸುತ್ತದೆಯೇ ಹೊರತು ಅಕ್ಷರ ಕಲಿಸುವುದಿಲ್ಲ ಎಂಬುದು ನಮಗೆ ಒಂದು ವರ್ಷ ಕಳೆದ ಮೇಲೆ ತಿಳಿಯಿತು. ಆ ವರ್ಷ ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಆಮೇಲೆ ವಿಶೇಷ ಶಿಕ್ಷಕಿಯೊಬ್ಬರು ಮರಳಿನ ತಟ್ಟೆಯಲ್ಲಿ ಒಂದೊಂದೇ ಒತ್ತಕ್ಷರವನ್ನು ಉಚ್ಚರಿಸುತ್ತಾ ಬರೆಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿದೆ. ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೇಳಲು ಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ನಿನ್ನೆ ಓದಿ ಹೇಳಿದೆ. ಕಾಲು ಅಲ್ಲಾಡಿಸುತ್ತಲೇ ಇದ್ದರೂ ಆರು ಪ್ರಶ್ನೆಗಳಲ್ಲಿ ಐದಕ್ಕೆ ಸರಿಯಾಗಿ ಉತ್ತರಿಸಿದ. ಅದೇ ಪುಟವನ್ನು ಅವನ ಕೈಗಿತ್ತಾಗ ಎರಡನೆಯ ಸಾಲಿಗೇ ಕಣ್ಣಲ್ಲಿ ನೀರು ಬಂತು. ಎರಡಕ್ಕೂ ಒಟ್ಟಿಗೆ ತಪಾಸಣೆ ಮಾಡಿಸುತ್ತೇನೆ.