ನಿಮ್ಮ ಮೊಲಗಳು ಬೆಣ್ಣೆ, ಹುರುಳಿಯ ಹೊಸ ಫುಡ್ ಬಗ್ಗೆ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಅವಸರದಲ್ಲಿ ಏನೋ ಒಂದು ಹೇಳಿಬಿಡೋದು ಬೇಡ ಅಂತ ಆಫೀಸ್ ಮುಗಿಸಿಕೊಂಡು ಬಂದು ಈಗ ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ. ಅತ್ತಿಗೆ, ಅಪ್ಪ, ನೀವೂ ಕೇಳಿಸಿಕೊಳ್ಳಿ, ಯಾಕೆಂದರೆ ಮೊಲಕ್ಕೆ ತಿನ್ನಿಸುವ ಕೈ ಆ ಮನೆಯಲ್ಲಿ ಮೂರಿವೆ.

ನೀನು ಕೇಳಿದ್ದು ಎರಡು ವಿಷಯ. ಬೆಣ್ಣೆಗೂ ಹುರುಳಿಗೂ ನಾರು ಜಾಸ್ತಿ ಇರುವ ಹೊಸ ಫುಡ್ ತಂದಿದ್ದೀಯ, ಬಟ್ಟಲಿಗೆ ಹಾಕಿದರೆ ಮೂಸಿ ನೋಡಿ ಹೋಗುತ್ತಿವೆ, ಏನು ಮಾಡಲಿ ಅಂತ. ಇನ್ನೊಂದು, ದಿನಕ್ಕೆ ಎಷ್ಟು ಹಾಕಬೇಕು ಅಂತ.

ಮೊದಲು ಹೇಳು, ಹಳೆ ಪ್ಯಾಕೆಟ್ ಎಸೆದಿಲ್ಲ ತಾನೆ? ಎಸೆಯಬೇಡ. ಇನ್ನೂ ಒಂದು ತಿಂಗಳು ಅದು ಬೇಕು.

ನಮ್ಮ ಗುಂಡ ನಿನಗೆ ನೆನಪಿದ್ದಾನಲ್ಲ, ಬೂದು ಬಣ್ಣದವನು. ಅವನಿಗೆ ನಾನು ಒಂದೇ ದಿನದಲ್ಲಿ ಫುಡ್ ಬದಲಾಯಿಸಿದ್ದೆ. ಒಳ್ಳೆಯದು ತಂದಿದ್ದೇನೆ, ಇನ್ನು ಕೆಟ್ಟದ್ದು ಯಾಕೆ ಕೊಡಬೇಕು ಅಂತ. ಮೊದಲ ದಿನ ಸ್ವಲ್ಪ ತಿಂದ. ಎರಡನೇ ದಿನ ಹಿಕ್ಕೆ ಮೆತ್ತಗಾಯಿತು. ಮೂರನೇ ದಿನ ಬೆಳಿಗ್ಗೆ ಮೂಲೆಯಲ್ಲಿ ಮುದುಡಿ ಕೂತಿದ್ದ. ಕೊತ್ತಂಬರಿ ಸೊಪ್ಪು ಮೂಗಿನ ಹತ್ತಿರ ಹಿಡಿದರೂ ಮುಖ ತಿರುಗಿಸಿದ. ಟ್ರೇಯಲ್ಲಿ ಒಂದೂ ಹಿಕ್ಕೆ ಇರಲಿಲ್ಲ. ಅವತ್ತು ಭಾನುವಾರ, ಮೊಲ ನೋಡುವ ಡಾಕ್ಟರನ್ನು ಹುಡುಕುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ನಾಲ್ಕು ದಿನ ಸಿರಿಂಜಿನಲ್ಲಿ ಊಟ, ಇಂಜೆಕ್ಷನ್. ಉಳಿದುಕೊಂಡ, ಆದರೆ ಆ ನಾಲ್ಕು ರಾತ್ರಿ ನಾನು ಮಲಗಿಲ್ಲ. ಆದ್ದರಿಂದಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹೀಗೆ ಯಾಕಾಗುತ್ತದೆ ಅಂದರೆ, ಮೊಲದ ಹೊಟ್ಟೆಯಲ್ಲಿ ದೊಡ್ಡದೊಂದು ಚೀಲ ಇದೆ. ಡಾಕ್ಟರು ಸೀಕಮ್ ಅನ್ನುತ್ತಾರೆ. ಅದರ ತುಂಬ ಬ್ಯಾಕ್ಟೀರಿಯಾ, ಊಟವನ್ನು ಹುದುಗಿಸುವ ಕೆಲಸ ಅವುಗಳದ್ದು. ದಿನಾ ಏನು ಬರುತ್ತದೋ ಅದಕ್ಕೆ ಅವು ಹೊಂದಿಕೊಂಡಿರುತ್ತವೆ. ನಮ್ಮ ಮೊಸರಿನ ಹೆಪ್ಪಿನ ಹಾಗೆ. ಊಟ ದಿಢೀರನೆ ಬದಲಾದರೆ ಒಳಗಿನ ಲೆಕ್ಕವೆಲ್ಲ ಕೆಡುತ್ತದೆ, ಗ್ಯಾಸ್ ತುಂಬುತ್ತದೆ, ಕರುಳು ನಿಂತೇ ಹೋಗಬಹುದು. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ಹೋದದ್ದು ಮುಂದೆಯೇ ಸಾಗಬೇಕು.

ಈಗ ನಿನ್ನ ಲೆಕ್ಕ. ಒಂದು ಕೆಜಿ ಪ್ಯಾಕೆಟ್ ವಾರಕ್ಕೆ ಖಾಲಿ ಅಂದೆ. ಅಂದರೆ ಇಬ್ಬರೂ ಸೇರಿ ದಿನಕ್ಕೆ ಸುಮಾರು 140 ಗ್ರಾಂ ತಿನ್ನುತ್ತಿದ್ದಾರೆ. ಅದು ತುಂಬಾ ಜಾಸ್ತಿ. ಆದರೆ ನಾಳೆಯೇ ಅರ್ಧಕ್ಕೆ ಇಳಿಸಬೇಡ. ಮೊದಲ ವಾರ ಇಬ್ಬರಿಗೂ ಸೇರಿ ಹಳೆಯದು 90 ಗ್ರಾಂ, ಹೊಸದು 20. ಎರಡನೇ ವಾರ ಹಳೆಯದು 60, ಹೊಸದು 35. ಮೂರನೇ ವಾರ ಹಳೆಯದು 30, ಹೊಸದು 55. ನಾಲ್ಕನೇ ವಾರ ಹಳೆಯದು ಇಲ್ಲ, ಹೊಸದು 72. ಮಧ್ಯದಲ್ಲಿ ಹಿಕ್ಕೆ ಮೆತ್ತಗಾದರೆ ಮುಂದಕ್ಕೆ ಹೋಗಬೇಡ, ಅದೇ ಅಳತೆಯಲ್ಲಿ ಇನ್ನೊಂದು ವಾರ ಇರು. ಆರು ವಾರ ಆದರೂ ಪರವಾಗಿಲ್ಲ.

72 ಎಲ್ಲಿಂದ ಬಂತು ಅಂತ ಕೇಳುತ್ತೀಯ. ದೊಡ್ಡ ಮೊಲಕ್ಕೆ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 20ರಿಂದ 25 ಗ್ರಾಂ ಪೆಲೆಟ್, ಅಂದರೆ ಈ ಹೊಸ ಫುಡ್‌ನ ಥರ ಒತ್ತಿ ಮಾಡಿದ ಗುಳಿಗೆ, ಸಾಕು, ಅದರ ಮೇಲೆ ಬೇಡ. ಹುರುಳಿ 1.6 ಕೆಜಿ, ಹಾಗಾಗಿ ಅವನಿಗೆ 32. ಬೆಣ್ಣೆ 2.4 ಕೆಜಿ ಇದ್ದಾಳೆ, ಆದರೆ ಡಾಕ್ಟರು ಅವಳು 2 ಕೆಜಿ ಆಸುಪಾಸು ಇರಬೇಕು ಅಂದಿದ್ದಾರೆ ಅಲ್ವಾ? ಹಾಗಿದ್ದರೆ ಇರಬೇಕಾದ ತೂಕಕ್ಕೆ ಲೆಕ್ಕ ಹಾಕು, ಈಗ ಇರುವ ತೂಕಕ್ಕಲ್ಲ. ಅವಳಿಗೆ 40. ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಬಟ್ಟಲು ಬೇರೆ ಬೇರೆ ಇರಲಿ, ಒಂದೊಂದು ಒಂದೊಂದು ಮೂಲೆಯಲ್ಲಿ. ಇಲ್ಲದಿದ್ದರೆ ಬೆಣ್ಣೆ ತನ್ನದು ಮುಗಿಸಿ ಅವನದ್ದಕ್ಕೂ ಬಾಯಿ ಹಾಕುತ್ತಾಳೆ. ಆಗ ನೀನು ಎಷ್ಟು ಅಳೆದು ಹಾಕಿದರೂ ಸುಮ್ನೆ.

ಅಳೆಯುವಾಗ ದಯವಿಟ್ಟು ತಕ್ಕಡಿಯಲ್ಲೇ ಅಳೆ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಹಳೆಯ ಮಿಕ್ಸ್ ಹಗುರ, ಹೊಸ ಪೆಲೆಟ್ ಗಟ್ಟಿ. ಅದೇ ಲೋಟಕ್ಕೆ ಎರಡನ್ನೂ ತುಂಬಿ ತೂಗಿ ನೋಡು, ಎಷ್ಟು ವ್ಯತ್ಯಾಸ ಇದೆ ಅಂತ ನಿನಗೇ ಗೊತ್ತಾಗುತ್ತದೆ. ಒಂದು ಸಲ ತೂಗಿ, ಒಂದು ಪ್ಲಾಸ್ಟಿಕ್ ಡಬ್ಬಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿಟ್ಟುಕೊಂಡರೆ ಆಮೇಲೆ ದಿನಾ ತೂಗುವ ಕೆಲಸ ಇಲ್ಲ. ಬೇರೆ ಕಂಪನಿಯ ಫುಡ್ ತಂದ ದಿನ ಮಾತ್ರ ಆ ಗೆರೆ ಅಳಿಸಿ ಹೊಸದಾಗಿ ಹಾಕು.

ಮೂಸಿ ಬಿಟ್ಟು ಹೋಗುವುದರ ಬಗ್ಗೆ. ಹಳೆಯದರಲ್ಲಿ ಹಳದಿ ಜೋಳ, ಬಟಾಣಿ, ಬಣ್ಣದ ಚೂರುಗಳಿವೆ. ಅವು ಸಿಹಿ. ಮೊಲ ಮೊದಲು ಅವನ್ನೇ ಆರಿಸಿ ತಿಂದು, ನಾರಿರುವ ಕಂದು ಕಡ್ಡಿಗಳನ್ನು ಬಿಡುತ್ತದೆ. ನೀವು ಬಟ್ಟಲು ಖಾಲಿಯಾಯಿತು ಅಂತ ಮತ್ತೆ ಹಾಕುತ್ತೀರಿ, ಅದು ಮತ್ತೆ ಸಿಹಿಯನ್ನೇ ಆರಿಸುತ್ತದೆ. ಬ್ರಿಟನ್‌ನಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದವರು 32 ಮೊಲಗಳಿಗೆ ಬೇರೆ ಬೇರೆ ಥರ ತಿನ್ನಿಸಿ 17 ತಿಂಗಳು ನೋಡಿದ್ದಾರೆ. ಇಂಥ ಮಿಕ್ಸ್ ತಿಂದವು ಹುಲ್ಲೂ ಕಡಿಮೆ ತಿಂದವು, ನೀರೂ ಕಡಿಮೆ ಕುಡಿದವು. ಮಿಕ್ಸ್ ಒಂದನ್ನೇ ತಿಂದವುಗಳ ಹಲ್ಲು ಕೆಟ್ಟಿತು. ಹಾಗಾಗಿ ಎರಡನ್ನೂ ಕಲಸಿ ಹಾಕಬೇಡ. ಬೆಳಿಗ್ಗೆ ಹಸಿದಿರುವಾಗ ಹೊಸದನ್ನು ಮಾತ್ರ ಇಡು, ಒಂದು ಗಂಟೆ ಬಿಟ್ಟು ಹಳೆಯದು. ಹೊಸ ಪೆಲೆಟ್ ಡಬ್ಬಿಯಲ್ಲಿ ಒಂದೆರಡು ಒಣಗಿದ ಪುದೀನ ಎಲೆ ಹಾಕಿಟ್ಟರೆ ವಾಸನೆ ಹತ್ತುತ್ತದೆ. ನಾಲ್ಕು ಪೆಲೆಟ್ ಹುಲ್ಲಿನ ಮಧ್ಯೆ ಬಚ್ಚಿಡು, ಹುಡುಕಿ ತಿನ್ನಲಿ. ನಮ್ಮ ಗುಂಡ ಕೊನೆಗೆ ಒಲಿದದ್ದು ಹೀಗೆಯೇ. ಆದರೆ ಹಠಕ್ಕೆ ಬಿದ್ದು ಉಪವಾಸ ಕೆಡವಬೇಡ. ನಾಯಿಗೆ ಒಂದು ಹೊತ್ತು ಊಟ ತಪ್ಪಿದರೆ ನಡೆಯುತ್ತದೆ, ಮೊಲಕ್ಕೆ ನಡೆಯುವುದಿಲ್ಲ.

ಪ್ಯಾಕೆಟ್ ಫೋಟೋ ನೋಡಿದೆ. ಕ್ರೂಡ್ ಫೈಬರ್, ಅಂದರೆ ನಾರು, ಶೇಕಡಾ 25, ಪ್ರೋಟೀನ್ 13, ಕೊಬ್ಬು 3. ಚೆನ್ನಾಗಿದೆ, ಧೈರ್ಯವಾಗಿ ಕೊಡು. ಮುಂದೆ ಬೇರೆ ತಂದರೂ ನಾರು 20ಕ್ಕಿಂತ ಮೇಲೆ, ಪ್ರೋಟೀನ್ 12ರಿಂದ 14ರ ಒಳಗೆ, ಕ್ಯಾಲ್ಸಿಯಂ 1ಕ್ಕಿಂತ ಕಡಿಮೆ ಇದೆಯಾ ನೋಡಿಕೋ. ಅಂಗಡಿಯವರು ಫಾರ್ಮ್ ಫೀಡ್ ಅಗ್ಗ ಅಂತ ಕೊಡಲು ಬರುತ್ತಾರೆ. ಅದು ಮೊಲವನ್ನು ಬೇಗ ದಪ್ಪ ಮಾಡಿ ಮಾರುವವರಿಗೆ. ನಮಗೆ ಬೇಡ.

ಈಗ ಇದನ್ನು ಮನಸ್ಸಿಟ್ಟು ಕೇಳು. ಪ್ಯಾಕೆಟ್ ಮೇಲೆ ನಾರು 25 ಅಂತ ಇದೆ, ಇನ್ನು ಹುಲ್ಲು ಕಡಿಮೆ ಮಾಡಬಹುದು ಅಂತ ಅಂದುಕೊಳ್ಳಬೇಡ. ಪೆಲೆಟ್‌ನಲ್ಲಿರುವುದು ಪುಡಿ ಮಾಡಿದ ನಾರು. ಕರುಳನ್ನು ಮುಂದಕ್ಕೆ ತಳ್ಳುವುದು ಉದ್ದ ಉದ್ದ ಎಳೆಯ ನಾರು. ಹಲ್ಲಿನದ್ದೂ ಅದೇ ಕಥೆ. ಮೊಲಕ್ಕೆ 28 ಹಲ್ಲು, ಎಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಮುಂದಿನ ಹಲ್ಲು ವಾರಕ್ಕೆ ಹತ್ತಿರ ಹತ್ತಿರ 2 ಮಿಲಿಮೀಟರ್. ಹುಲ್ಲು ಅಗಿಯುವಾಗ ದವಡೆ ಬೀಸುವ ಕಲ್ಲಿನ ಹಾಗೆ ಅಡ್ಡಡ್ಡ ತಿರುಗುತ್ತದೆ, ಹಿಂದಿನ ಹಲ್ಲು ಸಮವಾಗಿ ಸವೆಯುತ್ತದೆ. ಪೆಲೆಟ್ ಕಟುಂ ಅಂತ ಒಡೆದು ನುಂಗಿದರೆ ಆ ಕೆಲಸ ಆಗುವುದಿಲ್ಲ. ಹುಲ್ಲೇ ಅನ್ನ ಕಣೇ, ಪೆಲೆಟ್ ಉಪ್ಪಿನಕಾಯಿ. ದಿನಾ ಒಬ್ಬೊಬ್ಬರಿಗೂ ಅವರ ಮೈಯಷ್ಟು ದೊಡ್ಡ ಕಟ್ಟು ಒಣಹುಲ್ಲು ಹಗಲೂ ರಾತ್ರಿ ಎದುರಿಗೇ ಇರಬೇಕು.

ತಿಮೋತಿ ಹುಲ್ಲು ದುಬಾರಿ, ಗೊತ್ತು. ಶಿವಮೊಗ್ಗದಲ್ಲಿದ್ದುಕೊಂಡು ಅದಕ್ಕೇ ಕಾಯಬೇಕಾಗಿಲ್ಲ. ಗಣಪತಿಗೆ ಏರಿಸುವ ಗರಿಕೆ ಇದೆಯಲ್ಲ, ಅದನ್ನೇ ಕೊಯ್ದು ನೆರಳಲ್ಲಿ ಒಣಗಿಸಿದರೆ ಒಳ್ಳೆಯ ಹುಲ್ಲು. ಔಷಧಿ ಹೊಡೆದ ಜಾಗದ್ದು ಬೇಡ, ರಸ್ತೆ ಬದಿಯದ್ದೂ ಬೇಡ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪು, ದೊಡ್ಡ ಮೊಲಕ್ಕೆ ದಿನಾ ಬೇಡ. ಕ್ಯಾಲ್ಸಿಯಂ ಜಾಸ್ತಿ, ಉಚ್ಚೆ ಸುಣ್ಣದ ನೀರಿನ ಹಾಗೆ ಬೆಳ್ಳಗೆ ಗಟ್ಟಿ ಬರುತ್ತದೆ. ಪಕ್ಕದ ಮನೆಯವರ ಮರಿಗೆ ಮಾತ್ರ ಅದನ್ನು ಕೊಡಬಹುದು, ಆರು ತಿಂಗಳಾಗುವವರೆಗೆ. ಮರಿಗಳಿಗೆ ನಾನು ಹೇಳಿದ ಈ ಗ್ರಾಂ ಲೆಕ್ಕ ಹಾಕಬೇಡಿ ಅಂತ ಅವರಿಗೂ ಹೇಳು, ಬೆಳೆಯುವ ಮೈ ಅದು. ಭತ್ತದ ಹುಲ್ಲು ಹಾಸಲು ಸರಿ, ಅದೇ ಊಟ ಆದರೆ ಸತ್ವ ಸಾಲದು. ನಿಮ್ಮ ಕಡೆ ಮಳೆಗಾಲದಲ್ಲಿ ಹುಲ್ಲು ಬೇಗ ಬೂಸ್ಟು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದರೆ ಒಂದು ಎಳೆಯನ್ನೂ ಹಾಕಬೇಡ, ಪೂರ್ತಿ ಎಸೆ.

ಅಳತೆ ಸರಿಯಾಗಿದೆಯಾ ಅಂತ ಹೇಳುವುದು ಟ್ರೇ. ದಿನಾ ಬೆಳಿಗ್ಗೆ ಗುಡಿಸುವಾಗ ಒಂದು ಹಿಕ್ಕೆ ಬೆರಳಲ್ಲಿ ಒತ್ತಿ ನೋಡು, ಅಸಹ್ಯ ಪಡಬೇಡ. ದುಂಡಗೆ, ತಿಳಿ ಕಂದು, ಒತ್ತಿದರೆ ಒಣಹುಲ್ಲಿನ ಪುಡಿಯಾಗಿ ಉದುರಿದರೆ ಎಲ್ಲ ಸರಿ. ಚಿಕ್ಕದು, ಕಪ್ಪು, ಗಟ್ಟಿ ಇದ್ದರೆ ಹುಲ್ಲು ಅಥವಾ ನೀರು ಸಾಲುತ್ತಿಲ್ಲ. ಇನ್ನೊಂದು ಬಗೆ ಇದೆ. ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ, ಮೆತ್ತಗೆ, ಹೊಳೆಯುತ್ತದೆ. ಅದನ್ನು ಮೊಲ ಹಿಂಭಾಗದಿಂದ ನೇರವಾಗಿ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ಅತ್ತಿಗೆ, ನೀವು ನೋಡಿ ಗಾಬರಿಯಾಗಿದ್ದಿರಿ, ಅದು ರೋಗ ಅಲ್ಲ. ಅದರಲ್ಲಿ ಜೀವಸತ್ವ, ಪ್ರೋಟೀನ್ ಇರುತ್ತದೆ, ಮೊಲ ಅದನ್ನು ತಿನ್ನಲೇಬೇಕು. ಆದರೆ ಅದು ನೆಲದ ಮೇಲೆ ಬಿದ್ದಿದ್ದರೆ, ಬೆಣ್ಣೆಯ ಹಿಂಭಾಗಕ್ಕೆ ಮೆತ್ತಿಕೊಂಡಿದ್ದರೆ, ಪೆಲೆಟ್ ಜಾಸ್ತಿಯಾಗಿದೆ ಅಂತ ಅರ್ಥ. ಇಲ್ಲವೇ ಅವಳು ದಪ್ಪಗಾಗಿ ಬಾಯಿ ಅಲ್ಲಿಗೆ ಎಟುಕುತ್ತಿಲ್ಲ. ಮೆತ್ತಿದ ಜಾಗಕ್ಕೆ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ. ಮಳೆಗಾಲ ಮುಗಿಯುವವರೆಗೆ ದಿನಕ್ಕೆ ಎರಡು ಸಲ ಎತ್ತಿ ನೋಡು.

ಪ್ರತಿ ಭಾನುವಾರ ತೂಕ. ಬುಟ್ಟಿಯಲ್ಲಿ ಕೂರಿಸಿ ತೂಗಿ ಬರೆದಿಡು. ಬೆಣ್ಣೆ ವಾರಕ್ಕೆ 20, 30 ಗ್ರಾಂ ಇಳಿದರೆ ಸಾಕು. ಒಂದೇ ವಾರದಲ್ಲಿ 100 ಗ್ರಾಂ ಇಳಿದರೆ ಡಾಕ್ಟರಿಗೆ ತೋರಿಸು. ಹುರುಳಿ ಇಳಿಯಬಾರದು, ಇಳಿದರೆ ಅವನಿಗೆ 40ರವರೆಗೂ ಕೊಡಬಹುದು. ಪಕ್ಕೆ ಸವರಿ ನೋಡು. ಪಕ್ಕೆಲುಬು ಕೈಗೆ ಸಿಗಬೇಕು, ಚುಚ್ಚಬಾರದು. ಬೆಣ್ಣೆಯದ್ದು ಈಗ ಒತ್ತಿ ಹುಡುಕಬೇಕು ಅಂದೆಯಲ್ಲ, ಮೂರು ನಾಲ್ಕು ತಿಂಗಳು ಹಿಡಿಯುತ್ತದೆ.

ನೀರನ್ನು ಬಾಟಲಿಯ ಬದಲು ಭಾರದ ಮಣ್ಣಿನ ಬಟ್ಟಲಲ್ಲಿ ಇಡು. ಒಣ ನಾರು ಜಾಸ್ತಿಯಾದಾಗ ನೀರೂ ಜಾಸ್ತಿ ಬೇಕು, ಬಟ್ಟಲಲ್ಲಿದ್ದರೆ ಚೆನ್ನಾಗಿ ಕುಡಿಯುತ್ತವೆ.

ಅಪ್ಪಾ, ನಿಮಗೆ ಒಂದು ಮಾತು. ಸಂಜೆ ಕಾಫಿ ಜೊತೆ ಹುರುಳಿ ನಿಮ್ಮ ಕಾಲ ಹತ್ತಿರ ಬಂದು ನಿಲ್ಲುತ್ತಾನೆ, ಬಿಸ್ಕತ್ತು ಮುರಿದು ಕೊಡದೆ ನಿಮಗೆ ಆಗುವುದಿಲ್ಲ, ಗೊತ್ತು. ಆದರೆ ಅವನಿಗೆ ದಿನಕ್ಕೆ 32 ಗ್ರಾಂ ಅಂತ ಅಳೆಯುತ್ತಿರುವಾಗ ಒಂದು ಬಿಸ್ಕತ್ತೂ ದೊಡ್ಡದು. ಹಿಟ್ಟು, ಸಕ್ಕರೆ ಅವನ ಹೊಟ್ಟೆಗೆ ಆಗುವುದಿಲ್ಲ. ಕ್ಯಾರೆಟ್ ಕೂಡ ಬೆರಳ ತುದಿಯಷ್ಟು, ಅಪರೂಪಕ್ಕೆ. ಅದರ ಸೊಪ್ಪು ಬೇಕಾದರೆ ಕೊಡಿ. ಸಂಜೆಯ ಪಾಲಿನ 16 ಗ್ರಾಂ ಪೆಲೆಟ್ ಪುಟ್ಟಿ ನಿಮ್ಮ ಕೈಗೇ ಕೊಡುತ್ತಾಳೆ. ಒಂದೊಂದಾಗಿ ನೀವೇ ತಿನ್ನಿಸಿ. ಅವನಿಗೆ ಬೇಕಿರುವುದು ನಿಮ್ಮ ಕೈ.

ಪುಟ್ಟಿ, ಕೊನೆಯದಾಗಿ. ಯಾವುದೇ ದಿನ ಹತ್ತು ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದರೆ ಬೆಳಗಾಗಲಿ ಅಂತ ಕಾಯಬೇಡ, ನನ್ನ ಹಾಗೆ ಭಾನುವಾರ ಡಾಕ್ಟರನ್ನು ಹುಡುಕುವ ಪಾಡೂ ಬೇಡ. ಊರಲ್ಲೇ ಪಶುವೈದ್ಯಕೀಯ ಕಾಲೇಜು ಇದೆ. ಮೊಲ ನೋಡುವವರು ಯಾರು, ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಈ ವಾರವೇ ಹೋಗಿ ಕೇಳಿಕೊಂಡು ನಂಬರ್ ಫ್ರಿಜ್ ಮೇಲೆ ಅಂಟಿಸು. ಇವತ್ತು ರಾತ್ರಿ ಇಬ್ಬರನ್ನೂ ತೂಗಿ ಇಲ್ಲೇ ಗ್ರೂಪಿಗೆ ಹಾಕು, ಜೊತೆಗೆ ಟ್ರೇಯ ಒಂದು ಫೋಟೋ. ನಾನು ಎಚ್ಚರ ಇರುತ್ತೇನೆ.