ಬಸುರಿ, ಬಾಣಂತಿಯರು ಖಿನ್ನತೆಯ ಮಾತ್ರೆ ತಗೊಳ್ಳಬಹುದಾ? ಇವತ್ತು ಮನೋವೈದ್ಯೆಯನ್ನು ಕೇಳಿ

ಪುಟ್ಟನ ಅಮ್ಮ: ಮೇಡಂ, ಮಗುವಿಗೆ 2 ತಿಂಗಳು. ನಾನು ಸರ್ಟ್ರಾಲಿನ್ ತಗೊಳ್ತಿದ್ದೇನೆ. ಎದೆಹಾಲು ಕೊಡಬಹುದಾ?

ಡಾಕ್ಟರ್: ಧಾರಾಳವಾಗಿ ಕೊಡಿ. ಅದು ಹಾಲಿಗೆ ತೀರಾ ಕಡಿಮೆ ಸೇರುತ್ತದೆ. ಮಗು ಹಾಲು ಕುಡಿಯದೆ ಮಂಪರಿನಲ್ಲೇ ಇದ್ದರೆ ಮಾತ್ರ ಮಕ್ಕಳ ಡಾಕ್ಟರಿಗೆ ತೋರಿಸಿ.

ಅನಾಮಿಕ ಸದಸ್ಯೆ: ನನಗೀಗ 3 ತಿಂಗಳು. ಎಸ್ಸಿಟಾಲೊಪ್ರಾಮ್ ತಗೊಳ್ತಿದ್ದೆ. ಬಸುರಿ ಅಂತ ಗೊತ್ತಾದ ದಿನವೇ ಅತ್ತೆ ಮಾತ್ರೆ ಎಸೆದರು. ಈಗ ನಿದ್ದೆಯಿಲ್ಲ, ಊಟ ಸೇರಲ್ಲ. ನಾನಿಲ್ಲದಿದ್ರೆ ಎಲ್ಲರೂ ಆರಾಮಾಗಿರ್ತಾರೆ ಅನ್ನಿಸುತ್ತೆ. ಹಿಂದೆಯೂ ಹೀಗೇ ಶುರುವಾಗಿ ಆಸ್ಪತ್ರೆ ಸೇರಿದ್ದೆ.

ಡಾಕ್ಟರ್: ಉಳಿದವರು ಸ್ವಲ್ಪ ಕಾಯಿರಿ. ಅಮ್ಮಾ, ಕೊನೆಯಲ್ಲಿ ಬರೆದ ಮಾತನ್ನು ಈಗಲೇ ನಂಬಿಕೆಯವರ ಹತ್ತಿರ ಹೇಳಿ. ಒಬ್ಬರೇ ಇರಬೇಡಿ. ಇವತ್ತೇ ನಿಮ್ಮ ಮನೋವೈದ್ಯರ ಹತ್ತಿರ ಹೋಗಿ, ಅವರು ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹಳೇ ಡೋಸನ್ನು ನೀವೇ ಶುರು ಮಾಡಬೇಡಿ, ಅದನ್ನು ಡಾಕ್ಟರೇ ನೋಡಿ ಹೇಳಲಿ. ಅತ್ತೆಗೆ ಇದನ್ನು ಓದಿ ಹೇಳಿ: ಯಾವ ಮಾತ್ರೆಯೂ ತಗೊಳ್ಳದ ತಾಯಂದಿರಲ್ಲೂ ನೂರಕ್ಕೆ ಸುಮಾರು 3 ಮಕ್ಕಳಿಗೆ ಹುಟ್ಟಿನಿಂದಲೇ ಏನಾದರೂ ದೋಷ ಇರುತ್ತದೆ. ಎಸ್ಸಿಟಾಲೊಪ್ರಾಮ್‌ನಿಂದ ಆ ಲೆಕ್ಕ ಹೆಚ್ಚೇನೂ ಏರುವುದಿಲ್ಲ. ಕೆಲವು ಕೂಸುಗಳಿಗೆ ಹುಟ್ಟಿದ ಮೇಲೆ ನಡುಕ, ಕಿರಿಕಿರಿ, ವೇಗದ ಉಸಿರಾಟ ಬರಬಹುದು. ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಹೆರಿಗೆ ಡಾಕ್ಟರಿಗೆ ಮೊದಲೇ ತಿಳಿಸಿದರೆ ಮಗುವಿನ ಮೇಲೆ ಕಣ್ಣಿಡುತ್ತಾರೆ. ತಾಯಿ ಉಣ್ಣದೆ, ನಿದ್ದೆ ಮಾಡದೆ ಸೊರಗಿದರೆ ಮಗುವಿಗೆ ಒಳ್ಳೆಯದಾ? ಖಿನ್ನತೆಗೆ ಚಿಕಿತ್ಸೆ ಇಲ್ಲದಿದ್ದರೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವುದೂ ಹೆಚ್ಚು.

ಹೊಸ ಬಾಣಂತಿ: ಸರ್ಟ್ರಾಲಿನ್ ತಗೊಂಡು ಹಾಲು ಕೊಡಬಹುದಾ?

ಡಾಕ್ಟರ್: ಮೇಲೆ ಓದಿ.

ಗಿರಿ ಮಾಮ: (ಫಾರ್ವರ್ಡ್) ಇಂಗ್ಲಿಷ್ ಮಾತ್ರೆ ಬಿಡಿ! ಬಸುರಿಯರು ರಾತ್ರಿ ಹಾಲಿಗೆ ಅಶ್ವಗಂಧ ಹಾಕಿ ಕುಡಿದರೆ 7 ದಿನದಲ್ಲಿ ಖಿನ್ನತೆ ಮಾಯ! ಎಲ್ಲರಿಗೂ ಕಳಿಸಿ.

ಡಾಕ್ಟರ್: ಅಳಿಸಿ. ಅಶ್ವಗಂಧ ಬಸುರಿಯರಿಗೆ ಬೇಡ, ಗರ್ಭಪಾತದ ಭಯವಿದೆ. ಗಿಡದ್ದು ಅಂದ ಮಾತ್ರಕ್ಕೆ ಔಷಧಿ ಸಾಧು ಆಗಲ್ಲ.

ಗಿರಿ ಮಾಮ: ನಮ್ಮಜ್ಜಿ ಒಂಬತ್ತು ಹೆತ್ತರು. ಯಾವ ಖಿನ್ನತೆಯೂ ಇರಲಿಲ್ಲ.

ಪುಟ್ಟನ ಅಮ್ಮ: ಅಜ್ಜಿಯನ್ನು ಯಾರಾದರೂ ಕೇಳಿದ್ದರಾ ಮಾಮ?

ಶಾರದಕ್ಕ: ಎಲ್ಲದಕ್ಕೂ ಅತ್ತೆಯರನ್ನೇ ಬೈತೀರಲ್ಲ. ನಾನೂ ಅತ್ತೆಯೇ.

ಪುಟ್ಟನ ಅಮ್ಮ: ಮಾತ್ರೆ ಎಸೆದವರನ್ನು ಬೈದರೆ ನಿಮಗ್ಯಾಕೆ ಉರಿ?

ಮೈಸೂರು ಹುಡುಗ: ಮೇಡಂ, ಗಂಡ ಈ ಮಾತ್ರೆ ತಗೊಂಡರೆ ಮಗುವಿಗೆ ತೊಂದರೆ ಇದೆಯಾ?

ಹೊಸ ಬಾಣಂತಿ: ಎಲ್ಲ ಮಾತ್ರೆಯೂ ಒಂದೇನಾ ಮೇಡಂ?

ಡಾಕ್ಟರ್: ಅಲ್ಲ. ಮೊದಲ 3 ತಿಂಗಳಲ್ಲಿ ಪ್ಯಾರೊಕ್ಸೆಟಿನ್‌ನಿಂದ ಹೃದಯದ ದೋಷ ಸ್ವಲ್ಪ ಹೆಚ್ಚು ಅನ್ನುವ ಎಚ್ಚರಿಕೆ ಇದೆ. ಆದರೂ ತಟ್ಟನೆ ಬಿಡಬೇಡಿ, ಬರೆದುಕೊಟ್ಟವರನ್ನು ಕೇಳಿ. ಅನಾಮಿಕ ಸದಸ್ಯೆ, ಇದ್ದೀರಾ?

ಗಿರಿ ಮಾಮ: ಹಾಗಾದರೆ ಬ್ರಾಹ್ಮಿ?

ಡಾಕ್ಟರ್: ಮಾಮ, ಸಾಕು.

ಅನಾಮಿಕ ಸದಸ್ಯೆ: ಅಣ್ಣನಿಗೆ ಫೋನ್ ಮಾಡಿದೆ. ಬರ್ತಿದ್ದಾನೆ.

ಡಾಕ್ಟರ್: ಅವರು ಬರುವವರೆಗೂ 14416ರವರ ಜೊತೆ ಮಾತಾಡ್ತಿರಿ. ಹಳೇ ಚೀಟಿ ತಗೊಂಡು ಹೋಗಿ.